ಟೈಪಿಂಗ್ ಮಾಸ್ಟರ ಎಡಗೈ

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ನಮ್ಮದು ಉದ್ದನೆಯ ಒಂದೇ ಕೋಣೆ. ಬಾಗಿಲ ಕಡೆಯ ಅರ್ಧ ನನ್ನದು, ಅಲ್ಲಿ ನನ್ನ ಜೆರಾಕ್ಸ್ ಮಷೀನು. ಒಳಗಿನ ಅರ್ಧ ಟೈಪಿಂಗ್ ಮಾಸ್ಟರು ಮತ್ತು ಅವರ ಹೆಂಡತಿಯದು. ಅಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪು, ಒಂದು ಪ್ರಿಂಟರು, ಎರಡು ಕುರ್ಚಿ. ನಡುವೆ ಗೋಡೆ ಇಲ್ಲ. ಹಾಗಾಗಿ ಅವರ ಸಂಸಾರದ ಮಾತು ನನಗೆ ಬೇಕಿದ್ದರೂ ಕೇಳುತ್ತದೆ, ಬೇಡದಿದ್ದರೂ ಕೇಳುತ್ತದೆ. ನನ್ನ ಬಾಯಿ ಜೋರು ಅಂತ ಬೀದಿಯವರೆಲ್ಲ ಹೇಳುತ್ತಾರೆ. ಹೌದು, ಜೋರೇ. ದಿನವಿಡೀ ಮಷೀನಿನ ಗರಗರ ಸದ್ದಿನ ಮೇಲೆ ಮಾತಾಡಬೇಕಾದವಳಿಗೆ ಪಿಸುಮಾತು ಎಲ್ಲಿಂದ ಬರಬೇಕು? ಆದರೆ ಈಗ ಹೇಳುವ ವಿಷಯದಲ್ಲಿ ಮಾತ್ರ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತವಳು. ನಿಮಗೆ ಹೇಳುತ್ತಿದ್ದೇನೆ, ದಯವಿಟ್ಟು ಅವರಿಬ್ಬರ ಕಿವಿಗೆ ಹಾಕಬೇಡಿ.

ಮಾಸ್ಟರು ಅಂದರೆ ಸುಮ್ಮನೆ ಕರೆಯುವ ಹೆಸರಲ್ಲ. ಕಂಪ್ಯೂಟರು ಬರುವ ಮುಂಚೆ ಅವರು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಸಾಲಾಗಿ ಟೈಪ್‌ರೈಟರುಗಳು, ಒಂದೊಂದರ ಮುಂದೆ ಒಬ್ಬೊಬ್ಬರು. ಅವರಲ್ಲಿ ಕಲಿಯಲು ಬಂದವರಿಗೆ ಮೊದಲ ದಿನವೇ ಒಂದು ಕಟ್ಟಪ್ಪಣೆ: ಕೈ ನೋಡಬಾರದು. ಕಣ್ಣು ಎದುರಿನ ಕಾಗದದ ಮೇಲಿರಬೇಕು, ಬೆರಳು ತನ್ನ ದಾರಿ ತಾನೇ ಹುಡುಕಿಕೊಳ್ಳಬೇಕು. ಯಾರಾದರೂ ಕದ್ದು ಕೀಲಿಗಳ ಕಡೆ ಕಣ್ಣು ಹಾಯಿಸಿದರೆ ಅವರ ಕೈಗಳ ಮೇಲೆ ಒಂದು ಟವೆಲ್ ಹೊದಿಸಿಬಿಡುತ್ತಿದ್ದರು. ಆ ಟವೆಲಿನ ಕೆಳಗೆ ಅತಿ ಹೆಚ್ಚು ದಿನ ಕೈಯಿಟ್ಟು ಕಲಿತವಳು ತಾನೇ ಅಂತ ಅಕ್ಕ ನಗುತ್ತಾರೆ. ಮಾಸ್ಟರ ಹೆಂಡತಿಯನ್ನು ನಾನು ಕರೆಯುವುದು ಅಕ್ಕ ಅಂತಲೇ.

"ಅವರು ನನ್ನ ಕೈ ಹಿಡಿದಿದ್ದೇನೋ ನಿಜ ಕಣೇ. ಆದ್ರೆ ಇವತ್ತಿನವರೆಗೂ ಕೈ ನೋಡಿಲ್ಲ," ಅನ್ನುತ್ತಿದ್ದರು. ಮಾಸ್ಟರು ಪರದೆಯಿಂದ ಕಣ್ಣು ಕೀಳದೆ, "ನೋಡಿದ್ರೆ ವೇಗ ಕಮ್ಮಿಯಾಗುತ್ತೆ," ಅನ್ನುತ್ತಿದ್ದರು.

ಟೈಪ್‌ರೈಟರುಗಳು ಗುಜರಿಗೆ ಹೋದವು. ಮಾಸ್ಟರು ಬೇಸರ ಮಾಡಿಕೊಳ್ಳದೆ ಲ್ಯಾಪ್‌ಟಾಪು ಕಲಿತು, ಅರ್ಜಿ, ಕರಾರು, ಪ್ರಬಂಧ ಎಲ್ಲ ಟೈಪ್ ಮಾಡಿಕೊಡುವ ಈ ಅಂಗಡಿ ಹಾಕಿದರು. ಆಮೇಲೆ ಒಂದು ದಿನ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು. ಹತ್ತು ಬೆರಳಿನಲ್ಲಿ ಬದುಕಿದ ಮನುಷ್ಯನಿಗೆ ಎಡಗೈ ಒಂದು ಉಳಿಯಿತು, ಅದೂ ವಯಸ್ಸಿನಿಂದ ನಡುಗುವ ಕೈ. ಎಲ್ಲ ಬಿಟ್ಟು ಆ ಮನುಷ್ಯನ ಬೆರಳಿಗೇ ಬಂದು ಹೊಡೆಯಬೇಕಿತ್ತಾ ಅದು? ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಮಾತ್ರ ಗೊತ್ತಿಲ್ಲ.

ಗಂಡ ಮನೆಯಲ್ಲೇ ಕೂರಲಿ, ತಾನೊಬ್ಬಳೇ ಅಂಗಡಿ ನೋಡಿಕೊಳ್ಳುತ್ತೇನೆ ಅಂತ ಅಕ್ಕ ಅಂದುಕೊಳ್ಳಬಹುದಿತ್ತು. ಅಂದುಕೊಳ್ಳಲಿಲ್ಲ. ತನ್ನ ಕುರ್ಚಿಯ ಬಲಕ್ಕೆ ಅವರ ಕುರ್ಚಿ ಹಾಕಿಸಿದರು. ಅಲ್ಲಿ ಕೂತರೆ ಮಾಸ್ಟರ ಎಡಗೈ ಸರಿಯಾಗಿ ಟಚ್‌ಪ್ಯಾಡಿನ ಮೇಲೆ ಬರುತ್ತಿತ್ತು. ಕೀಬೋರ್ಡು ಹೆಂಡತಿಗೆ, ಟಚ್‌ಪ್ಯಾಡು ಗಂಡನಿಗೆ. ಅಕ್ಕ ಒಂದಿಷ್ಟು ಟೈಪ್ ಮಾಡಿ, ಎರಡೂ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡು "ಹ್ಞೂ" ಅನ್ನುತ್ತಿದ್ದರು. ಮಾಸ್ಟರ ಬೆರಳು ಹೊರಡುತ್ತಿತ್ತು. ಪರದೆಯ ಮೇಲಿನ ಬಾಣ ಬೇಕಾದ ಜಾಗಕ್ಕೆ ಹೋಗಿ ನಿಂತ ಮೇಲೆ ಕೆಳಗಿನ ಬಟನ್ ಒತ್ತಿ "ಹೊಡಿ" ಅನ್ನುತ್ತಿದ್ದರು. ಅಕ್ಕ ಮತ್ತೆ ಶುರು ಮಾಡುತ್ತಿದ್ದರು. ಹ್ಞೂ, ಹೊಡಿ. ಹ್ಞೂ, ಹೊಡಿ. ನನ್ನ ಮಷೀನು ನಿಂತಾಗೆಲ್ಲ ಕೋಣೆಯಲ್ಲಿ ಕೇಳುತ್ತಿದ್ದದ್ದು ಅದೇ.

"ಅಕ್ಕ, ನೀವೊಬ್ರೇ ಮಾಡಿದ್ರೆ ಅರ್ಧ ಹೊತ್ತಲ್ಲಿ ಮುಗಿಯುತ್ತಲ್ಲ?" ಅಂತ ಒಮ್ಮೆ ಕೇಳಿಬಿಟ್ಟೆ.

"ಮುಗಿದ ಮೇಲೆ ಏನು ಮಾಡ್ಲಿ?" ಅಂದರು.

ಮಾಸ್ಟರಿಗೂ ತಿಳಿದಿತ್ತು ಆ ಕುರ್ಚಿಯ ಬೆಲೆ. ಒಂದು ದಿನ ಅಕ್ಕ ಹೊರಗೆ ಹೋಗಿದ್ದಾಗ, "ನೋಡಿ, ಈ ಒಂದು ಬೆರಳು ಕೆಲಸ ಮಾಡ್ತಾ ಇರೋವರೆಗೆ ನಾನು ಮನುಷ್ಯ. ಇದೂ ನಿಂತ್ರೆ ಮೂಲೆಗೆ ಒರಗಿಸಿಟ್ಟ ಕೊಡೆ," ಅಂದಿದ್ದರು. ತಮಾಷೆಯ ಧ್ವನಿಯಲ್ಲೇ ಅಂದದ್ದು. ನನಗೆ ಮಾತ್ರ ನಗು ಬರಲಿಲ್ಲ.

ಹೀಗೆ ವರ್ಷಗಳು ಕಳೆದವು. ಹಳೆಯ ಲ್ಯಾಪ್‌ಟಾಪಿನ ಕೀಗಳ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಟಚ್‌ಪ್ಯಾಡಿನ ಕೆಳಗೆ ಎರಡು ಬಟನುಗಳಿದ್ದವು, ಎಡಗಡೆಯದು ಸವೆದು ನಡುವೆ ಸ್ವಲ್ಪ ತಗ್ಗಾಗಿತ್ತು. ಮಾಸ್ಟರ ಹೆಬ್ಬೆರಳು ಆ ತಗ್ಗಿನಲ್ಲಿ ಸರಿಯಾಗಿ ಕೂರುತ್ತಿತ್ತು. ಮಣಿಕಟ್ಟನ್ನು ಲ್ಯಾಪ್‌ಟಾಪಿನ ಅಂಚಿಗೆ ಊರಿದರೆ ನಡುಕವೂ ಅಷ್ಟಾಗಿ ತೊಂದರೆ ಕೊಡುತ್ತಿರಲಿಲ್ಲ. ಆ ಟಚ್‌ಪ್ಯಾಡು ಮೊದಲೇ ಮಂದ, ಸಣ್ಣಪುಟ್ಟ ನಡುಕಕ್ಕೆಲ್ಲ ಅದು ಅಲುಗುತ್ತಲೇ ಇರಲಿಲ್ಲ.

ಒಂದು ಬೆಳಿಗ್ಗೆ ಅದು ಕೈಕೊಟ್ಟಿತು. ಪಕ್ಕದ ಬೀದಿಯ ರಿಪೇರಿಯವನು ಬಿಚ್ಚಿ ನೋಡಿ, "ಮದರ್‌ಬೋರ್ಡು ಹೋಗಿದೆ. ಈ ಮಾಡೆಲ್ ಈಗ ಬರೋದೇ ಇಲ್ಲ," ಅಂದ. ಬೇರೆ ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ವಿಷಯ ತಿಳಿದು ಹೊಸ ಲ್ಯಾಪ್‌ಟಾಪನ್ನೇ ಕಳಿಸಿದಳು. ಅಪ್ಪ ಅಮ್ಮನಿಗೆ ಒಳ್ಳೆಯದೇ ಇರಲಿ ಅಂತ ಅಗಲವಾದದ್ದು, ತೆಳ್ಳಗೆ ಫಳಫಳ ಹೊಳೆಯುವಂಥದ್ದು. ಪಾಪ, ಅವಳದೇನು ತಪ್ಪು?

ಹೊಸ ಕೀಬೋರ್ಡಿನ ಬಲತುದಿಯಲ್ಲಿ ಅಂಕಿಗಳ ಸಾಲೇ ಬೇರೆ ಇತ್ತು. ಅದಕ್ಕೆ ಜಾಗ ಮಾಡಿಕೊಡಲು ಉಳಿದದ್ದೆಲ್ಲ ಎಡಕ್ಕೆ ಸರಿದಿತ್ತು, ಟಚ್‌ಪ್ಯಾಡು ಕೂಡ. ಮಾಸ್ಟರು ಅಭ್ಯಾಸಬಲದಿಂದ ಕೈಯಿಟ್ಟರೆ ಬೆರಳು ಬರೀ ಲೋಹದ ಮೇಲೆ ಬೀಳುತ್ತಿತ್ತು. ಟಚ್‌ಪ್ಯಾಡಿಗೆ ಎಟುಕಬೇಕಾದರೆ ಕೈ ಚಾಚಬೇಕು, ಚಾಚಿದರೆ ಮಣಿಕಟ್ಟಿಗೆ ಊರಲು ಜಾಗವಿಲ್ಲ, ನಡುಕ ಹೆಚ್ಚಾಗುತ್ತದೆ. ಮೇಲಾಗಿ ಅದರಲ್ಲಿ ಬಟನುಗಳೇ ಇಲ್ಲ. ನುಣ್ಣನೆಯ ಒಂದು ಹಾಳೆಯ ಹಾಗಿತ್ತು. ಮುಟ್ಟಿದರೆ ಒತ್ತಿದಂತೆ, ಎರಡು ಬೆರಳು ತಾಗಿದರೆ ಪುಟವೇ ಹಾರಿಹೋದಂತೆ. ಮಾಸ್ಟರು ಒಮ್ಮೆ ಮುಟ್ಟಿದರೆ ಅದು ಎರಡು ಸಲ ಅಂತ ತಿಳಿದುಕೊಳ್ಳುತ್ತಿತ್ತು. ಅಕ್ಷರಗಳು ಇದ್ದಕ್ಕಿದ್ದಂತೆ ಗೋಡೆಯಷ್ಟು ದೊಡ್ಡದಾಗುತ್ತಿದ್ದವು. ಇಬ್ಬರೂ ಗಾಬರಿಯಿಂದ ಹಿಂದೆ ಸರಿಯುತ್ತಿದ್ದರು.

ಅಕ್ಕನ ಪಾಡೂ ಅಷ್ಟಕ್ಕಷ್ಟೇ. ಕಂಟ್ರೋಲ್ ಕೀ ಇದ್ದ ಮೂಲೆಯಲ್ಲಿ ಇನ್ಯಾವುದೋ ಕೀ, ಎಂಟರ್ ಕೀ ಉಗುರಿನಷ್ಟಕ್ಕೆ ಇಳಿದಿತ್ತು, ಅಳಿಸಲು ಹೋದರೆ ಅಂಕಿ ಬೀಳುತ್ತಿತ್ತು. ಟೈಪ್ ಮಾಡುವಾಗ ಅಂಗೈ ಟಚ್‌ಪ್ಯಾಡಿಗೆ ಸೋಕಿದರೆ ಸಾಕು, ಬರೆಯುತ್ತಿದ್ದ ಸಾಲು ಇನ್ನೆಲ್ಲೋ ಹೋಗಿ ಮುಂದುವರಿಯುತ್ತಿತ್ತು. ಆದರೆ ಅಕ್ಕ ಟವೆಲಿನ ಕೆಳಗೆ ಕಲಿತವರು. ವಾರ ಕಳೆಯುವಷ್ಟರಲ್ಲಿ ಅವರ ಬೆರಳುಗಳು ಹೊಸ ಜಾಗಗಳಿಗೆ ಒಗ್ಗಿಕೊಂಡವು. ಮಾಸ್ಟರ ಬೆರಳು ಒಗ್ಗಲಿಲ್ಲ.

ನಾನೇ ಒಂದು ವೈರಿಲ್ಲದ ಮೌಸು ತಂದುಕೊಟ್ಟೆ. ಎಡಗೈಯಲ್ಲಿ ಹಿಡಿದು ಒತ್ತುವಷ್ಟರಲ್ಲಿ ಮೌಸೇ ಜಾರುತ್ತಿತ್ತು, ಬಾಣ ಎಲ್ಲೋ ಓಡಿಹೋಗುತ್ತಿತ್ತು. ಮತ್ತೆ ಮತ್ತೆ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಅವರಿಂದ ಆಗುತ್ತಿರಲಿಲ್ಲ, ಪ್ರತಿ ಸಲವೂ ಅಕ್ಕ ಎದ್ದು ಬರಬೇಕು. ಕೊನೆಗೆ, "ಇಲಿ ಹಿಡಿಯೋ ವಯಸ್ಸಲ್ಲಮ್ಮ ನಂದು," ಅಂತ ಅದನ್ನು ನನ್ನ ಕಡೆ ತಳ್ಳಿದರು. ನಾನು ಡ್ರಾಯರಿನಲ್ಲಿ ಎಸೆದೆ.

ಹೀಗಿರುವಾಗ ಆ ಸಾವಿನ ಕೆಲಸ ಬಂತು. ಆಸ್ಪತ್ರೆಯ ಹಿಂದೆ ಅಂಗಡಿ ಇದ್ದ ಮೇಲೆ ಅಂಥ ಕೆಲಸ ಬರುವುದು ಹೊಸದಲ್ಲ. ಒಬ್ಬ ಮುದುಕಿ ತೀರಿಕೊಂಡಿದ್ದರು, ಗೋಡೆಗಳಿಗೆ ಅಂಟಿಸಲು ಒಂದು ಹಾಳೆಯ ಪ್ರಕಟಣೆ ಬೇಕಿತ್ತು. ಮೇಲೆ ತಾಯಿಯ ಹೆಸರು, ಕೆಳಗೆ ದುಃಖದಲ್ಲಿರುವ ಮಕ್ಕಳ ಹೆಸರುಗಳು. ಬಂದವರಿಗೆ ಅವಸರ. ಅಕ್ಕ ತಪ್ಪಿಲ್ಲದೆ ಟೈಪ್ ಮಾಡಿದರು, ಕಾಗದದ ಜೊತೆ ಹೋಲಿಸಿ ಓದಿಯೂ ನೋಡಿದರು. ಆಮೇಲೆ ಮಾಸ್ಟರ ಬೆರಳು ಪ್ರಿಂಟ್ ಕೊಡಲು ಹೋಯಿತು. ದಾರಿಯಲ್ಲಿ ನಡುಗಿತು. ಬೆರಳು ಎರಡು ಸಲ ತಾಗಿ ಒಂದು ಹೆಸರು ಹಿಡಿದುಕೊಂಡಿತು, ಆ ಹೆಸರು ಬೆರಳಿನ ಜೊತೆಗೇ ಮೇಲಕ್ಕೆ ಹೋಯಿತು. ಇಬ್ಬರೂ ಗಮನಿಸಲಿಲ್ಲ. ನಾನಂತೂ ಓದದೆ ಜೆರಾಕ್ಸ್ ತೆಗೆಯುವವಳು, ಕಟ್ಟು ಕಟ್ಟಿ ಕೊಟ್ಟುಬಿಟ್ಟೆ.

ಮಧ್ಯಾಹ್ನ ಆ ಮನೆಯ ದೊಡ್ಡ ಮಗ ಹಾಳೆ ಹಿಡಿದು ಬಂದ. ದುಃಖಿಸುವವರ ಸಾಲಿನಲ್ಲಿ ಇರಬೇಕಾಗಿದ್ದ ಅವನ ಹೆಸರು ಮೇಲೆ ಹೋಗಿ ತಾಯಿಯ ಹೆಸರಿನ ಪಕ್ಕದಲ್ಲಿ ಕೂತಿತ್ತು. ಓದಿದವರಿಗೆ ತಾಯಿ ಮಗ ಇಬ್ಬರೂ ಹೋದಂತೆ. ನಾನು ಜಗಳಕ್ಕೆ ಸಿದ್ಧವಾಗಿಯೇ ಎದ್ದು ನಿಂತೆ. ಅವನು ಕೂಗಾಡಲಿಲ್ಲ.

"ಬೆಳಿಗ್ಗೆಯಿಂದ ಫೋನಿನ ಮೇಲೆ ಫೋನು," ಅಂದ. "ನಾನು ಬದುಕಿದ್ದೀನಿ, ನಾನು ಬದುಕಿದ್ದೀನಿ ಅಂತ ಹೇಳೋದೇ ಆಯ್ತು. ಅಮ್ಮನಿಗೋಸ್ಕರ ಅಳೋಕೂ ಪುರುಸೊತ್ತು ಕೊಡಲಿಲ್ವಲ್ಲ ನೀವು."

"ತಪ್ಪು ನಂದಪ್ಪ. ನಾನು ಕೊನೇಲಿ ಇನ್ನೊಂದ್ಸಲ ಓದ್ಬೇಕಿತ್ತು," ಅಂದರು ಅಕ್ಕ.

ಮಾಸ್ಟರು ಮೇಜು ಹಿಡಿದುಕೊಂಡು ಎದ್ದರು. "ಅಲ್ಲ. ಅವಳು ಸರಿಯಾಗೇ ಬರೆದಿದ್ಲು. ಕೈ ನಂದು," ಅಂದರು. ಕೋಲು ತೆಗೆದುಕೊಂಡು, ನನ್ನ ಮಷೀನು ದಾಟಿ, ಬೀದಿಗಿಳಿದು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಅಕ್ಕ ಒಬ್ಬರೇ ಬರತೊಡಗಿದರು. ಮೊದಲ ದಿನ ನಾನು ನೋಡಿದ್ದು ಹೇಳುತ್ತೇನೆ. ಒಂದಿಷ್ಟು ಟೈಪ್ ಮಾಡಿದರು. ಎರಡೂ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡು "ಹ್ಞೂ" ಅಂದರು. ಬಾಣ ಅಲ್ಲೇ ನಿಂತಿತ್ತು. ಅವರು ಕಾದರು, ನಿಜವಾಗಿಯೂ ಕಾದರು. ಆಮೇಲೆ ಪಕ್ಕದ ಖಾಲಿ ಕುರ್ಚಿ ನೋಡಿ, ತಮ್ಮದೇ ಬೆರಳಿನಿಂದ ಬಾಣ ಸರಿಸಿದರು. ಏನೂ ಕಷ್ಟವಿರಲಿಲ್ಲ, ನೀರು ಕುಡಿದಷ್ಟು ಸುಲಭವಾಗಿ ಹೋಯಿತು. ಕೆಲಸವೆಲ್ಲ ಮಧ್ಯಾಹ್ನಕ್ಕೇ ಮುಗಿದುಹೋಯಿತು. ಉಳಿದ ಹೊತ್ತು ಅಕ್ಕ ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದರು.

"ಮನೇಲಿ ಹೇಗಿದ್ದಾರೆ?" ಅಂತ ಕೇಳಿದೆ.

"ಇದ್ದಾರೆ," ಅಂದರು. ಆಮೇಲೆ ತಾವೇ ಹೇಳಿದರು: "ಗಡ್ಡ ಬಿಟ್ಟಿದ್ದಾರೆ. ಊಟಕ್ಕೆ ಕರೆದ್ರೆ ಬರ್ತಾರೆ, ಕರೀದಿದ್ರೆ ಹಸಿವು ಅಂತಾನೂ ಹೇಳಲ್ಲ. ಬೆಳಿಗ್ಗೆ ಯಾವ ಕುರ್ಚೀಲಿ ಬಿಟ್ಟು ಬರ್ತೀನೋ ಸಂಜೆ ಅದೇ ಕುರ್ಚೀಲಿ ಇರ್ತಾರೆ ಕಣೇ." ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಮೂಲೆಗೆ ಒರಗಿಸಿಟ್ಟ ಕೊಡೆಯ ಮಾತು ನನಗೆ ನೆನಪಾಯಿತು. ನಾನು ಅದನ್ನು ಅಕ್ಕನಿಗೆ ಹೇಳಲಿಲ್ಲ.

ಕೆಲವು ದಿನಗಳಾದ ಮೇಲೆ ಅಕ್ಕ, "ಆ ಮೌಸ್ ಎಲ್ಲಿ ಎಸೆದಿದ್ದೀಯ?" ಅಂತ ಕೇಳಿದರು. ಡ್ರಾಯರಿನಿಂದ ತೆಗೆದುಕೊಟ್ಟೆ. ಅದನ್ನು ತಮ್ಮ ಎಡಗಡೆ ಇಟ್ಟುಕೊಂಡು ಎಡಗೈಯಲ್ಲಿ ಆಡಿಸತೊಡಗಿದರು. ಬಾಣ ಕುಡಿದವರ ಹಾಗೆ ಓಲಾಡುತ್ತಿತ್ತು. "ಬಲಗೈಗೆ ಏನಾಗಿದೆ ನಿಮಗೆ? ಏನಿದು ಸರ್ಕಸ್ಸು?" ಅಂತ ಗದರಿದೆ. ಕೆಲಸ ಮುಗಿದ ಮೇಲೆ ದಿನಾ ಅದೇ ಅಭ್ಯಾಸ. ಎಡಗೈ ಪಳಗಿದ ಮೇಲೆ ರಿಪೇರಿಯವನನ್ನು ಕರೆಸಿ ಏನೋ ಕೇಳಿದರು. ಅವನು ಮೇಲಿನ ಸಾಲಿನ ಒಂದು ಕೀ ತೋರಿಸಿ, "ಇದು ಒತ್ತಿದ್ರೆ ಟಚ್‌ಪ್ಯಾಡ್ ಪೂರ್ತಿ ಬಂದ್," ಅಂದ.

ಆಗ ನನಗೆ ಅರ್ಥವಾಯಿತು. ಅಕ್ಕನ ಎಡಗಡೆ ಒಂದು ರಟ್ಟಿನ ಹಲಗೆ ಇರುತ್ತದೆ, ನೋಡಿ ಟೈಪ್ ಮಾಡುವ ಕಾಗದವನ್ನು ಅದಕ್ಕೆ ಒರಗಿಸುತ್ತಾರೆ. ಮೌಸು ಅದರ ಹಿಂದೆ. ಬಾಗಿಲ ಕಡೆ ಕೂತ ನನಗೆ ಅದು ಕಾಣುತ್ತದೆ, ಬಲಗಡೆಯ ಕುರ್ಚಿಯಲ್ಲಿ ಕೂತವರಿಗೆ ಕಾಣುವುದಿಲ್ಲ.

"ಇದು ಮೋಸ ಅಲ್ವಾ ಅಕ್ಕ?"

"ಹೌದು. ಏನೀಗ?" ಅಂದರು. ನನ್ನ ಬಾಯಿ ಮುಚ್ಚಿಸಿದವರು ಬದುಕಿನಲ್ಲಿ ಕಡಿಮೆ, ಅವತ್ತು ಅಕ್ಕ ಮುಚ್ಚಿಸಿದರು.

ರಿಪೇರಿಯವನು ಏನೋ ತಿರುಗಿಸಿಕೊಟ್ಟಿದ್ದಾನೆ, ಈಗ ಟಚ್‌ಪ್ಯಾಡು ಹಳೆಯದರ ಹಾಗೇ ಆಗಿದೆ, ಒಂದೇ ಒಂದು ಸಲ ಬಂದು ನೋಡಿ ಅಂತ ಮನೆಯಲ್ಲಿ ಹೇಳಿದರಂತೆ. ಮಾಸ್ಟರು ಒಪ್ಪಿ ಬಂದರು. ಗಡ್ಡ ಹೆರೆದುಕೊಂಡಿದ್ದರು, ಕೆನ್ನೆಯ ಮೇಲೆ ಸಣ್ಣ ಗಾಯವಿತ್ತು. ಕುರ್ಚಿಯಲ್ಲಿ ಕೂತು ಕೈ ಚಾಚಲು ಹಿಂಜರಿದರು. ಅಕ್ಕ ಒಂದು ಸಾಲು ಟೈಪ್ ಮಾಡಿ "ಹ್ಞೂ" ಅಂದರು. ಮಾಸ್ಟರ ಬೆರಳು ಟಚ್‌ಪ್ಯಾಡಿನ ಮೇಲೆ ನಡುಗುತ್ತ ಹೊರಟಿತು. ಪರದೆಯ ಮೇಲಿನ ಬಾಣ ಸ್ವಲ್ಪವೂ ನಡುಗದೆ ಹೋಗಿ ಬೇಕಾದ ಜಾಗದಲ್ಲಿ ನಿಂತಿತು.

"ಹೊಡಿ," ಅಂದರು ಮಾಸ್ಟರು.

ಅವರು ಕೆಳಗೆ ನೋಡಿದ್ದರೆ, ಪಕ್ಕಕ್ಕೆ ಒಮ್ಮೆ ಬಗ್ಗಿದ್ದರೆ ಗೊತ್ತಾಗಿಬಿಡುತ್ತಿತ್ತು. ನೋಡಲಿಲ್ಲ. ಕೈ ನೋಡಬಾರದು ಅಂತ ಬದುಕಿಡೀ ಹೇಳಿಕೊಟ್ಟ ಮನುಷ್ಯ ಹೇಗೆ ನೋಡಿಯಾರು? ಆ ನಿಯಮವನ್ನೇ ನಂಬಿ ಅಕ್ಕ ಈ ಆಟ ಹೂಡಿದ್ದರು. ಹಾಗೆ ಕಲಿತ ಅಕ್ಕನೇ ಈಗ ದಿನವಿಡೀ ಗಂಡನ ಕೈ ನೋಡಬೇಕಾಗಿತ್ತು. ಅವರ ಬೆರಳು ಎಡಕ್ಕೆ ಹೋದರೆ ಅಕ್ಕನ ಮೌಸೂ ಎಡಕ್ಕೆ, ಮೇಲೆ ಹೋದರೆ ಮೇಲೆ. ಬೆರಳು ನಡುಗಿ ಎರಡು ಸಲ ತಾಗಿದರೆ ಅಕ್ಕ ಒಂದೇ ಸಲ ಒತ್ತುತ್ತಿದ್ದರು. ಸಂಜೆ ಹೊತ್ತಿಗೆ ಅವರ ಕಣ್ಣು ಕೆಂಪಗಾಗಿ ನೀರು ಸೋರುತ್ತಿತ್ತು.

ಮಾಸ್ಟರು ಮಾತ್ರ ಮತ್ತೆ ಮಾಸ್ಟರಾದರು. ನನ್ನ ಮಷೀನಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡರೆ ಕೂತಲ್ಲಿಂದಲೇ ಉಪದೇಶ. "ತಾಳ್ಮೆ ಬೇಕಮ್ಮ. ನನ್ನ ನೋಡಿ, ಹೊಸದು ಅಂತ ಹೆದರಿ ಓಡಿಹೋಗಿದ್ದೆ. ಈಗ ಕೈಗೆ ಬಂತೋ ಇಲ್ವೋ?" ಅನ್ನುತ್ತಿದ್ದರು. "ಬಂತು ಮಾಸ್ಟರೇ, ಬಂತು," ಅನ್ನುತ್ತಿದ್ದೆ. ಅಕ್ಕ ತಲೆ ತಗ್ಗಿಸಿ ಟೈಪ್ ಮಾಡುತ್ತಿದ್ದರು.

ಕಣ್ಣಿನ ತೊಂದರೆ ಹೆಚ್ಚಾಗಿ ಒಂದು ಬೆಳಿಗ್ಗೆ ಅಕ್ಕ ಅದೇ ಆಸ್ಪತ್ರೆಗೆ ತೋರಿಸಿಕೊಳ್ಳಲು ಹೋದರು. ಮಾಸ್ಟರು ಅಂಗಡಿಯಲ್ಲೇ ಕೂತಿದ್ದರು. ಆಗಲೇ ಒಬ್ಬ ನರ್ಸು ಬಂದಳು. ಹಿಂದಿನ ದಿನ ಟೈಪ್ ಮಾಡಿಸಿದ್ದ ಅರ್ಜಿಯ ಇನ್ನೊಂದು ಪ್ರತಿ ಬೇಕಿತ್ತು.

"ಅಷ್ಟೇ ತಾನೇ? ನಾನೇ ತೆಗೆದುಕೊಡ್ತೀನಿ," ಅಂದರು ಮಾಸ್ಟರು.

"ಅಕ್ಕ ಇನ್ನೇನು ಬಂದ್ಬಿಡ್ತಾರೆ ಮಾಸ್ಟರೇ. ಪ್ರಿಂಟರು ಬೇರೆ ಬೆಳಿಗ್ಗೆಯಿಂದ ತರಲೆ ಮಾಡ್ತಿದೆ," ಅಂದೆ. ಬಾಯಿ ಜೋರಿದ್ದರೂ ಸುಳ್ಳು ಹೇಳಲು ಬರುವುದಿಲ್ಲ ನನಗೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಬೆರಳಿಟ್ಟು ಸರಿಸಿದರು. ಬಾಣ ಅಲುಗಲಿಲ್ಲ. ಬೆರಳು ಒರೆಸಿಕೊಂಡು ಮತ್ತೆ ಸರಿಸಿದರು. ಅಲುಗಲಿಲ್ಲ. ಆಗ ಅವರು ತಮ್ಮ ಕೈ ನೋಡಿಕೊಂಡರು. ನಾನು ಅವರನ್ನು ಕಂಡಾಗಿನಿಂದ ಅವರು ಹಾಗೆ ತಲೆ ಬಗ್ಗಿಸಿ ತಮ್ಮ ಕೈ ನೋಡಿದ್ದು ಅದೇ ಮೊದಲು.

ಮೆಲ್ಲಗೆ ಎದ್ದು ಅಕ್ಕನ ಕುರ್ಚಿಯಲ್ಲಿ ಕೂತರು. ಅತ್ತಿತ್ತ ನೋಡಿದರು. ರಟ್ಟಿನ ಹಲಗೆ ಪಕ್ಕಕ್ಕೆ ಸರಿಸಿದರು. ಮೌಸಿನ ಮೇಲೆ ಕೈಯಿಟ್ಟರು, ಪರದೆಯ ಮೇಲೆ ಬಾಣ ಓಡಿತು. ಅವರು ಬೈಯುತ್ತಾರೆ, ಮೌಸು ಎತ್ತಿ ಬಿಸಾಡುತ್ತಾರೆ, ಕೋಲು ಹಿಡಿದು ಹೊರಟುಹೋಗುತ್ತಾರೆ ಅಂದುಕೊಂಡೆ. ಅದ್ಯಾವುದೂ ಆಗಲಿಲ್ಲ. ಮೌಸಿನ ಮೇಲೆ ಹಾಗೇ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತರು. ಆಮೇಲೆ ಅದನ್ನು ಇದ್ದ ಜಾಗದಲ್ಲೇ ಇಟ್ಟು, ಹಲಗೆ ಮೊದಲಿನಂತೆ ನಿಲ್ಲಿಸಿ, ಕಾಗದದ ಮೂಲೆ ಕೂಡ ನೇರ ಮಾಡಿ, ತಮ್ಮ ಕುರ್ಚಿಗೆ ವಾಪಸ್ಸು ಬಂದರು.

"ನಮ್ಮನೆಯವಳು ಬರಲಿ ತಾಯಿ," ಅಂದರು ನರ್ಸಿಗೆ. "ಅವಳಿಲ್ದೆ ನಂದು ಯಾವುದೂ ನಡೆಯಲ್ಲ."

ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ಗೊತ್ತಿತ್ತಾ?" ಅಂತ ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ.

"ನನಗೆ ಗೊತ್ತಾಗಿದ್ದು ಅವಳಿಗೆ ಹೇಳ್ಬೇಡಿ. ಇಷ್ಟು ಕಷ್ಟಪಟ್ಟು ಕಲಿತಿದ್ದಾಳೆ."

ಅಷ್ಟರಲ್ಲಿ ಅಕ್ಕ ಬಂದರು. ಡಾಕ್ಟರು ಕಣ್ಣಿಗೆ ಹನಿ ಹಾಕಿದ್ದರು, ಹತ್ತಿರದ್ದೆಲ್ಲ ಮಸುಕಾಗಿ ಕಾಣುತ್ತಿದೆ ಅಂತ ನನ್ನ ಮಷೀನು ತಡವಿಕೊಂಡು ಒಳಗೆ ಹೋದರು. ನರ್ಸು ಕಾಯುತ್ತಿದ್ದಳು. ಅಕ್ಕ ಕೂತು, ಕೈ ಎತ್ತಿ, "ಹ್ಞೂ" ಅಂದರು.

ಮಾಸ್ಟರು ಬೆರಳು ಇಟ್ಟರು. ಅಕ್ಕ ಬಗ್ಗಿ ನೋಡಿದರು, ಕಣ್ಣು ಕಿರಿದು ಮಾಡಿ ನೋಡಿದರು. ಗಂಡನ ಬೆರಳು ಎತ್ತ ಹೋಗುತ್ತಿದೆ ಅಂತ ಅವರಿಗೆ ಕಾಣಿಸಲೇ ಇಲ್ಲ. ಅಂದಾಜಿನ ಮೇಲೆ ಮೌಸು ಸರಿಸಿದರು. ಮಾಸ್ಟರ ಬೆರಳು ಮೇಲಕ್ಕೆ ಹೊರಟಿತ್ತು, ಬಾಣ ಬಲಕ್ಕೆ ಹೋಯಿತು.

ಪರದೆಯ ಮೇಲೆ ಕಣ್ಣಿಟ್ಟಿದ್ದ ಮಾಸ್ಟರು ಬೆರಳು ನಿಲ್ಲಿಸಿದರು. ಆಮೇಲೆ ಬಾಣ ಹೋದ ಕಡೆಗೇ, ಬಲಕ್ಕೆ, ನಿಧಾನವಾಗಿ ಬೆರಳು ತಂದರು. ಬಾಣ ಕೆಳಗಿಳಿಯಿತು, ಬೆರಳೂ ಕೆಳಗಿಳಿಯಿತು. ಬಾಣ ತಪ್ಪಿ ಹಿಂದೆ ಬಂತು, ಬೆರಳೂ ಹಿಂದೆ ಬಂತು. ಕೊನೆಗೆ ಬಾಣ ಹೋಗಿ ಸರಿಯಾದ ಜಾಗದಲ್ಲಿ ನಿಂತ ಮೇಲೆ ಆ ಸತ್ತ ಟಚ್‌ಪ್ಯಾಡಿನ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿದರು.

"ಹೊಡಿ," ಅಂದರು. "ಇವತ್ತು ನನ್ನ ಕೈ ಸ್ವಲ್ಪ ಅಡ್ಡಾದಿಡ್ಡಿ ಹೋಯ್ತು ಕಣೇ. ಬೇಜಾರು ಮಾಡ್ಕೋಬೇಡ."

"ಇಲ್ಲ ರೀ, ಸರಿಯಾಗೇ ಹೋಯ್ತು," ಅಂದರು ಅಕ್ಕ.

ನನಗೆ ತಡೆಯಲಾಗಲಿಲ್ಲ. ಕಾಗದ ಇಡದೆಯೇ ಮಷೀನು ಓಡಿಸಿದೆ. ಆ ಗರಗರ ಸದ್ದಿನ ಮರೆಯಲ್ಲಿ, ಅವರಿಬ್ಬರಿಗೂ ಬೆನ್ನು ತಿರುಗಿಸಿ ನಿಂತು ಅತ್ತೆ.